ಸ್ವಾಯತ್ತತೆ ಯಾರಿಗೆ? ಆಡಳಿತ ಮಂಡಳಿಗೋ, ಶಾಲೆಗೋ?

ಏಪ್ರಿಲ್ ಕಳೆದು ಮೇ ಬಂದರೆ ತಾಲ್ಲೂಕು ಕೇಂದ್ರಗಳ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಪಡಸಾಲೆಯಲ್ಲಿ ಒಂದು ಬಗೆಯ ಜನ ಕಾಣಸಿಗುತ್ತಾರೆ. ಕಂಕುಳಲ್ಲಿ ದಪ್ಪನೆಯ ಕಡತ. ಅದರೊಳಗೆ ಲೋಕೋಪಯೋಗಿ ಇಲಾಖೆಯ ಕಟ್ಟಡ ಸುರಕ್ಷತಾ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ, ಭೂಪರಿವರ್ತನೆಯ ಆದೇಶ, ಟ್ರಸ್ಟಿನ ನೋಂದಣಿ, ಶಿಕ್ಷಕರ ಅಂಕಪಟ್ಟಿಗಳ ನಕಲು. ಮಾನ್ಯತೆ ನವೀಕರಣಕ್ಕೆ ಬಂದವರು ಇವರು. ಇನ್ನೂರು ಮಕ್ಕಳ ಶಾಲೆ ನಡೆಸುವ ಇವರಲ್ಲಿ ಹಲವರು ತಾವೇ ಕಾರ್ಯದರ್ಶಿ, ತಾವೇ ಮುಖ್ಯೋಪಾಧ್ಯಾಯರು, ಚಾಲಕ ಬಾರದ ದಿನ ಶಾಲಾ ವಾಹನದ ಚಾಲಕರೂ ತಾವೇ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ದೊಡ್ಡ ಶಾಲೆಯೊಂದರ ತಣ್ಣನೆಯ ಕೌಂಟರಿನ ಮುಂದೆ ಇನ್ನೊಂದು ಬಗೆಯ ಜನ ಸಾಲುಗಟ್ಟಿರುತ್ತಾರೆ. ಅವರ ಕೈಯಲ್ಲಿರುವ ರಸೀದಿಯಲ್ಲಿ ಬೋಧನಾ ಶುಲ್ಕ, ಪ್ರಯೋಗಾಲಯ ಶುಲ್ಕ, ಸ್ಮಾರ್ಟ್ ಕ್ಲಾಸ್ ಶುಲ್ಕಗಳ ಕೆಳಗೆ ‘ಇತರೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನ ಎದುರಿಗಿರುವ ಮೊತ್ತ ಯಾವುದಕ್ಕೆ ಎಂದು ಕೇಳಿದರೆ ಕೌಂಟರಿನ ಹುಡುಗಿ ನಗುತ್ತಾಳೆ, ಅಷ್ಟೆ.

ಸರ್ಕಾರದ ದಾಖಲೆಯಲ್ಲಿ ಈ ಎರಡೂ ಒಂದೇ: ಖಾಸಗಿ ಅನುದಾನರಹಿತ ಶಾಲೆ. ರಾಜ್ಯದಲ್ಲಿ ಇಂಥವು ಸುಮಾರು 20 ಸಾವಿರದ ಆಸುಪಾಸಿನಲ್ಲಿವೆ. ತಮ್ಮ ಕಾರುಬಾರನ್ನು ತಾವೇ ನೋಡಿಕೊಳ್ಳಲು ಇವುಗಳಿಗೆ ಇನ್ನಷ್ಟು ಸ್ವಾತಂತ್ರ್ಯ ಕೊಡಬೇಕು ಎಂಬ ಮಾತು ಪ್ರತಿ ಶೈಕ್ಷಣಿಕ ವರ್ಷದ ಹೊಸ್ತಿಲಲ್ಲೂ ಕೇಳಿಬರುತ್ತದೆ. ವೇದಿಕೆಯ ಮೇಲೆ ಈ ಮಾತನಾಡುವವರು ತೋರಿಸುವುದು ಮೊದಲನೆಯವರ ಕಷ್ಟವನ್ನು. ನ್ಯಾಯಾಲಯಗಳಲ್ಲಿ ಗೆದ್ದುಬಂದ ಸ್ವಾತಂತ್ರ್ಯದ ದೊಡ್ಡ ಪಾಲು ಮಾತ್ರ ಎರಡನೆಯವರ ಮನೆ ಸೇರಿದೆ. ಸ್ವಾಯತ್ತತೆ ಬೇಕೇ ಬೇಡವೇ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರವೂ ಒಟ್ಟಾರೆಯಾಗಿಯೇ ಬರುತ್ತದೆ. ಯಾವ ವಿಷಯದಲ್ಲಿ, ಯಾರ ಕೈಗೆ ಎಂದು ಬಿಡಿಸಿ ಕೇಳಿದಾಗ ಕಥೆ ಬೇರೆಯಾಗುತ್ತದೆ.

ಈ ವ್ಯಾಜ್ಯದ ತವರು ನಮ್ಮ ರಾಜ್ಯವೇ ಎಂಬುದನ್ನು ನಾವು ಮರೆತಂತಿದೆ. ವೃತ್ತಿಶಿಕ್ಷಣ ಕಾಲೇಜುಗಳ ಡೊನೇಶನ್ ಹಾವಳಿ ವಿಪರೀತವಾದಾಗ 1984ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಆದರೂ ತುಮಕೂರಿನ ವೈದ್ಯಕೀಯ ಕಾಲೇಜೊಂದು ಹೊರರಾಜ್ಯದ ವಿದ್ಯಾರ್ಥಿಗಳಿಂದ ವರ್ಷಕ್ಕೆ 60 ಸಾವಿರ ರೂಪಾಯಿ ಕೇಳಬಹುದಿತ್ತು; ಸರ್ಕಾರಿ ಸೀಟಿಗೆ ಆಗ 2 ಸಾವಿರ ರೂಪಾಯಿ. ಉತ್ತರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಳು. ಶಿಕ್ಷಣ ಮೂಲಭೂತ ಹಕ್ಕು, ಈ ಬಗೆಯ ವಸೂಲಿ ಆ ಹಕ್ಕಿಗೆ ವಿರುದ್ಧ ಎಂದು 1992ರಲ್ಲಿ ನ್ಯಾಯಾಲಯ ಹೇಳಿತು. ಮರುವರ್ಷ ಇನ್ನೊಂದು ತೀರ್ಪು ಖಾಸಗಿ ಕಾಲೇಜುಗಳ ಸೀಟು ಹಂಚಿಕೆ ಮತ್ತು ಶುಲ್ಕ ಎರಡನ್ನೂ ಹೆಚ್ಚುಕಡಿಮೆ ಸರ್ಕಾರದ ಕೈಗೇ ಕೊಟ್ಟಿತು.

ಲೋಲಕ ಮತ್ತೆ ಇನ್ನೊಂದು ತುದಿಗೆ ತೂಗಿದ್ದೂ ಕರ್ನಾಟಕದ ಮೊಕದ್ದಮೆಯಿಂದಲೇ. ಟಿ.ಎಂ.ಎ. ಪೈ ಪ್ರತಿಷ್ಠಾನ ಹೂಡಿದ ದಾವೆಯಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ದಿನಕ್ಕೆರಡು ಆಣೆ ಕೂಡಿಡುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಕರಾವಳಿಯ ಜನರಿಗೆ ಕಲಿಸಿದ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾಗಿದ್ದ, ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದ ವ್ಯಕ್ತಿಯ ಹೆಸರು ಇಂದು ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿರುವುದು ಈ ತೀರ್ಪಿನಿಂದ. ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನದ 19(1)(ಜಿ) ವಿಧಿಯಡಿ ಬರುವ ಒಂದು ಉದ್ಯೋಗ. ಅನುದಾನ ಪಡೆಯದ ಸಂಸ್ಥೆಗೆ ಮಕ್ಕಳನ್ನು ಸೇರಿಸಿಕೊಳ್ಳುವ, ಶುಲ್ಕ ನಿಗದಿ ಮಾಡುವ, ಸಿಬ್ಬಂದಿಯನ್ನು ನೇಮಿಸುವ ಹಕ್ಕಿದೆ ಎಂದು ಪೀಠ ಹೇಳಿತು. ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಇರಬಹುದು, ಲಾಭಕೋರತನ ಮತ್ತು ಡೊನೇಶನ್ ಕೂಡದು ಎಂದೂ ಸೇರಿಸಿತು. ಖಾಸಗಿ ಶಾಲೆಗಳ ಪರ ವಾದಿಸುವವರು ತೀರ್ಪಿನ ಮೊದಲ ಅರ್ಧವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಮಿಗತೆ ಎಲ್ಲಿ ಮುಗಿಯುತ್ತದೆ, ಲಾಭ ಎಲ್ಲಿ ಶುರುವಾಗುತ್ತದೆ ಎಂಬ ಎರಡನೆಯ ಅರ್ಧದ ಪ್ರಶ್ನೆಗೆ ಇಪ್ಪತ್ತು ವರ್ಷ ಕಳೆದರೂ ಯಾರೂ ನೇರವಾಗಿ ಉತ್ತರಿಸಿಲ್ಲ. ಉತ್ತರಿಸಬೇಕಾದರೆ ಲೆಕ್ಕದ ಪುಸ್ತಕ ತೆರೆಯಬೇಕಾಗುತ್ತದೆ.

ಶಾಲೆಗಳ ಶುಲ್ಕದ ವಿಷಯದಲ್ಲಿ ಕರ್ನಾಟಕ ಹಿಡಿದ ದಾರಿ ಬೇರೆ. ಕರ್ನಾಟಕ ಶಿಕ್ಷಣ ಕಾಯ್ದೆಗೆ 1983ರ ಹೆಸರಿದ್ದರೂ ಅದು ಜಾರಿಗೆ ಬಂದದ್ದು 1995ರಲ್ಲಿ. ಅದರ 48ನೇ ಕಲಮು ಶುಲ್ಕ ಹೇಗಿರಬೇಕೆಂದು ಹೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಮುಂದೆ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಬಂತು, ದಂಡದ ಕಲಮೂ ಬಂತು. 2023ರ ಜನವರಿಯಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ, ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಈ ಶುಲ್ಕ ನಿಯಂತ್ರಣದ ಕಲಮುಗಳು ಸಂವಿಧಾನಬಾಹಿರ ಎಂದು ರದ್ದು ಮಾಡಿತು. ಇಲ್ಲಿಗೆ ಶುಲ್ಕದ ಸ್ವಾಯತ್ತತೆ ಸಿಕ್ಕಂತೆಯೇ. ಹೀಗಿದ್ದೂ ಸ್ವಾಯತ್ತತೆ ಇಲ್ಲವೆಂಬ ಕೂಗು ಏಕೆ ನಿಂತಿಲ್ಲ?

ಉತ್ತರ ಹುಡುಕುವ ಮುನ್ನ ರಾಜಸ್ಥಾನದ ಕಡೆ ಒಮ್ಮೆ ನೋಡಬೇಕು. ಅಲ್ಲಿಯ 2016ರ ಕಾಯ್ದೆ ಶುಲ್ಕವನ್ನು ಸರ್ಕಾರ ನಿಗದಿ ಮಾಡಲಿ ಎನ್ನುವುದಿಲ್ಲ. ಆಡಳಿತ ಮಂಡಳಿ ಶುಲ್ಕವನ್ನು ಪ್ರಸ್ತಾಪಿಸುತ್ತದೆ. ಶಾಲಾ ಮಟ್ಟದ ಸಮಿತಿ ಅದನ್ನು ಒಪ್ಪಬೇಕು. ಆ ಸಮಿತಿಯಲ್ಲಿ ಚೀಟಿ ಎತ್ತಿ ಆರಿಸಿದ ಪೋಷಕರೂ ಇರುತ್ತಾರೆ, ಶಿಕ್ಷಕರೂ ಇರುತ್ತಾರೆ. ಒಪ್ಪಿಗೆಯಾದ ಶುಲ್ಕ ಮೂರು ವರ್ಷ ನಡೆಯುತ್ತದೆ. ಖಾಸಗಿ ಶಾಲೆಗಳು ಇದನ್ನೂ ಪ್ರಶ್ನಿಸಿದವು, ಆದರೆ 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ತಮಿಳುನಾಡಿನ ದಾರಿ ಇನ್ನೊಂದು: 2009ರ ಕಾಯ್ದೆಯಂತೆ ನಿವೃತ್ತ ನ್ಯಾಯಮೂರ್ತಿಯ ಸಮಿತಿ ಒಂದೊಂದು ಶಾಲೆಯ ಖರ್ಚುವೆಚ್ಚ ನೋಡಿ ಶುಲ್ಕ ಹೇಳುತ್ತದೆ. ಸಾವಿರಾರು ಶಾಲೆಗಳ ಲೆಕ್ಕವನ್ನು ಒಂದೇ ಮೇಜಿನ ಮೇಲೆ ರಾಶಿ ಹಾಕುವ ಆ ವಿಧಾನ ನನಗೆ ಒಪ್ಪಿಗೆಯಿಲ್ಲ. ರಾಜಸ್ಥಾನದ್ದರಲ್ಲಿ ಒಂದು ವಿವೇಕವಿದೆ. ಶುಲ್ಕ ಹೇಳುವ ಮೊದಲ ಹಕ್ಕು ಶಾಲೆಯದೇ, ಆದರೆ ಕೊಡುವವನ ಎದುರು ಕುಳಿತು ಹೇಳಬೇಕು. ನಮ್ಮ ಕಾಯ್ದೆ ಮಾಡಿದ ತಪ್ಪೆಂದರೆ ಪೋಷಕನ ಕುರ್ಚಿಯಲ್ಲಿ ಜಿಲ್ಲಾಧಿಕಾರಿಯನ್ನು ಕೂರಿಸಿದ್ದು. ಆ ಕುರ್ಚಿ ಈಗ ಖಾಲಿಯಾಗಿದೆ. ಪೋಷಕ ಇನ್ನೂ ಕೌಂಟರಿನ ಸಾಲಿನಲ್ಲೇ ನಿಂತಿದ್ದಾನೆ.

ಕೋವಿಡ್ ಕಾಲದಲ್ಲಿ ಇದರ ಫಲ ಕಣ್ಣಾರೆ ಕಂಡೆವು. ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ಪಡೆಯಬೇಕೆಂದು 2021ರ ಜನವರಿ ಕೊನೆಯಲ್ಲಿ ಸರ್ಕಾರ ಆದೇಶ ಹೊರಡಿಸಿತು. ಆದೇಶಕ್ಕೆ ಮೊದಲು ಪೋಷಕರು ಬೀದಿಗಿಳಿದಿದ್ದರು, ಆದೇಶದ ಮೇಲೆ ಆಡಳಿತ ಮಂಡಳಿಗಳು ಇಳಿದವು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ಶೇ 85ಕ್ಕೆ ಏರಿಸಿತು. ಎಪ್ಪತ್ತೋ ಎಂಬತ್ತೈದೋ ಎಂದು ಏಳೆಂಟು ತಿಂಗಳು ಜಗ್ಗಾಡಿದೆವು. ಒಂದು ಶಾಲೆ ನಡೆಯಲು ನಿಜವಾಗಿ ಎಷ್ಟು ಹಣ ಬೇಕು ಎಂಬ ಲೆಕ್ಕ ಯಾವ ಪೋಷಕನ ಮುಂದೆಯೂ ಇರಲಿಲ್ಲ. ಈ ಜಗ್ಗಾಟದ ನಡುವೆ ಸಂಬಳ ಕಡಿತಗೊಂಡು ತರಕಾರಿ ಗಾಡಿ ತಳ್ಳಲು ಹೋದ ಶಿಕ್ಷಕರನ್ನು ಯಾವ ಶೇಕಡಾವಾರು ಲೆಕ್ಕವೂ ಹಿಡಿಯಲಿಲ್ಲ.

ಕೂಗು ಏಕೆ ನಿಂತಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಿಇಒ ಕಚೇರಿಯ ಪಡಸಾಲೆಯಲ್ಲಿದೆ. ಸರ್ಕಾರ ಶುಲ್ಕದಲ್ಲಿ ಸೋತರೂ ಕಾಗದದಲ್ಲಿ ಸೋತಿಲ್ಲ. 2022ರ ಆಗಸ್ಟ್‌ನಲ್ಲಿ ಸುಮಾರು 13 ಸಾವಿರ ಶಾಲೆಗಳ ಪರವಾಗಿ ಎರಡು ಒಕ್ಕೂಟಗಳು ಪ್ರಧಾನಿಗೆ ಪತ್ರ ಬರೆದು, ಮಾನ್ಯತೆ ನೀಡಲು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಲಂಚ ಕೇಳಲಾಗುತ್ತಿದೆ ಎಂದು ದೂರಿದವು. ಆರೋಪ ಸಾಬೀತಾಯಿತೇ ಎಂಬುದು ಬೇರೆ ವಿಚಾರ. ಶಾಲಾ ಒಕ್ಕೂಟಗಳು ತಮ್ಮ ರಾಜ್ಯದ ಸಚಿವರನ್ನು ದಾಟಿ ದೆಹಲಿಗೆ ಪತ್ರ ಬರೆದವು ಎಂಬುದೇ ಸಾಕಷ್ಟು ಹೇಳುತ್ತದೆ. ದೊಡ್ಡ ಶಾಲೆಗೆ ಈ ಕಡತ ಓಡಿಸಲು ಒಬ್ಬ ಆಡಳಿತಾಧಿಕಾರಿ ಇರುತ್ತಾನೆ, ಅಡ್ಡಿ ಬಂದರೆ ವಕೀಲರಿರುತ್ತಾರೆ. ಸಣ್ಣ ಶಾಲೆಯವರು ಗಣಿತದ ಪಾಠ ಬಿಟ್ಟು ಬಸ್ಸು ಹತ್ತಬೇಕು.

ಹಾಗೆಂದು ಆ ಕಾಗದಗಳೆಲ್ಲ ಅಧಿಕಾರಿಗಳ ಚಪಲದಿಂದ ಹುಟ್ಟಿದವಲ್ಲ. 2004ರ ಜುಲೈ 16ರಂದು ಕುಂಭಕೋಣಂನ ಶಾಲಾ ಕಟ್ಟಡವೊಂದರ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಸೋಗೆಯ ಮಾಡು, ಇಕ್ಕಟ್ಟಾದ ಮೆಟ್ಟಿಲು, ಒಂದೇ ಸೂರಿನಡಿ ಒಂದಕ್ಕಿಂತ ಹೆಚ್ಚು ಶಾಲೆ. ಆ ದುರಂತದ ಹಿನ್ನೆಲೆಯ ಅರ್ಜಿಯಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಕಟ್ಟಡವೂ ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿ ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಮತ್ತು ಕಟ್ಟಡ ಸುರಕ್ಷತೆಯ ನಿರ್ದೇಶನ ಕೊಟ್ಟಿತು. ಇದರಲ್ಲಿ ಒಂದಿಂಚೂ ಸಡಿಲಿಕೆ ಕೇಳಬಾರದು. ಆದರೆ ಪ್ರಮಾಣಪತ್ರ ಸಿಕ್ಕ ಮೇಲೆ ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆಯೇ ಎಂದು ನೋಡಲು ಯಾರೂ ಬರುವುದಿಲ್ಲವಾದರೆ, ಅಲ್ಲಿ ಇಲಾಖೆ ಕಾಯುತ್ತಿರುವುದು ಮಕ್ಕಳನ್ನಲ್ಲ, ಕಡತವನ್ನು. ವರ್ಷಕ್ಕೊಮ್ಮೆ ಹೇಳದೆ ಕೇಳದೆ ಬಂದು ಮೆಟ್ಟಿಲು ಹತ್ತಿ ನೋಡುವ ಒಬ್ಬ ಇಂಜಿನಿಯರು, ನವೀಕರಣದ ಹೆಸರಿನಲ್ಲಿ ಹತ್ತು ದಾಖಲೆಗಳ ನಕಲನ್ನು ಮತ್ತೆ ಮತ್ತೆ ಕೇಳುವ ಕಚೇರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಕಲಿಕೆಯ ವಿಷಯಕ್ಕೆ ಬಂದರಂತೂ ಸರ್ಕಾರದ ಕೈ ಎಲ್ಲಿ ಇರಬಾರದೋ ಅಲ್ಲೇ ಇದೆ. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಸುವ ಪ್ರಸಂಗ ನೆನಪಿದೆಯಲ್ಲ? 2023ರ ಮಾರ್ಚ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ವಿಭಾಗೀಯ ಪೀಠ ಅವಕಾಶ ಕೊಟ್ಟಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೇ ತರಗತಿಯೂ ಸೇರಿಕೊಂಡಿತು. ಮತ್ತೆ ರದ್ದು, ಮತ್ತೆ ತಡೆ. ಶುರುವಾದ ಪರೀಕ್ಷೆ ನಡುವೆಯೇ ನಿಂತಿತು, ಪುನಃ ನಡೆಯಿತು, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಫಲಿತಾಂಶಕ್ಕೂ ತಡೆ ಕೊಟ್ಟಿತು. ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಹತ್ತು ವರ್ಷದ ಮಗು ಟಿ.ವಿ. ನೋಡಿ ತಿಳಿದುಕೊಳ್ಳಬೇಕಾಯಿತು. ಐದನೇ ತರಗತಿಯ ಮಗು ಓದಲು ಕಲಿತಿದೆಯೇ ಎಂದು ಹೇಳಲು ಅದರ ಟೀಚರಿಗಿಂತ ಬೆಂಗಳೂರಿನಿಂದ ಬರುವ ಪ್ರಶ್ನೆಪತ್ರಿಕೆಯೇ ಹೆಚ್ಚು ಸಮರ್ಥ ಎಂದು ನಂಬುವುದು ನನ್ನಿಂದಾಗದು. ಅನುದಾನರಹಿತ ಶಾಲೆಗಳ ಒಕ್ಕೂಟ ಈ ವಿಷಯದಲ್ಲಿ ಮಾಡಿದ ಹೋರಾಟ ನ್ಯಾಯವಾದದ್ದೇ.

ಬೋಧನಾ ಮಾಧ್ಯಮದ ವಿಷಯ ಬೇರೆ, ಅದು ನೋಯುವ ಜಾಗ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ಆದೇಶವನ್ನು ಖಾಸಗಿ ಶಾಲೆಗಳು ಇಪ್ಪತ್ತು ವರ್ಷ ಹೋರಾಡಿ ಉರುಳಿಸಿದವು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸಂವಿಧಾನ ಪೀಠ ಹೇಳಿತು. ಐದು ವರ್ಷ ಕಳೆಯುತ್ತಿದ್ದಂತೆ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಇನ್ನು ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂಬ 2015ರ ಕಾಯ್ದೆ ಇದೆ. ಅದನ್ನೂ ಸ್ವಾಯತ್ತತೆಗೆ ಅಡ್ಡಿ ಎನ್ನುವವರಿದ್ದಾರೆ. ಇಲ್ಲಿ ನಾನು ಸರ್ಕಾರದ ಪಕ್ಷ. ಊರಿನ ನೀರು, ರಸ್ತೆ, ನೆಲ ಬಳಸುವ ಶಾಲೆ ಊರಿನ ಮಾತನ್ನು ಕಲಿಸಲಾರೆ ಎಂದರೆ ಅದಕ್ಕೆ ಬೇರೆ ಹೆಸರಿದೆ.

ಸ್ವಾಯತ್ತತೆ ಸದ್ದಿಲ್ಲದೆ ದಕ್ಕಿದ ಇನ್ನೊಂದು ಜಾಗ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು. 2009ರ ಕಾಯ್ದೆಯ 12(1)(ಸಿ) ಕಲಮಿನಂತೆ ಖಾಸಗಿ ಶಾಲೆಗಳು ಕಾಲು ಭಾಗ ಸೀಟನ್ನು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಮೀಸಲಿಡಬೇಕು. ಸರ್ಕಾರ ಒಂದನೇ ತರಗತಿಯ ಮಗುವಿಗೆ ಮೊದಲು 11,848 ರೂಪಾಯಿ, ಆಮೇಲೆ 16 ಸಾವಿರ ರೂಪಾಯಿವರೆಗೆ ಮರುಪಾವತಿ ಮಾಡುತ್ತಿತ್ತು. 2019ರಲ್ಲಿ ರಾಜ್ಯ ನಿಯಮ ಬದಲಿಸಿತು: ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲ. ಲಕ್ಷಕ್ಕೂ ಮೀರಿದ್ದ ಸೀಟುಗಳು ಕೆಲವು ಸಾವಿರಕ್ಕೆ ಕುಸಿದವು. ನಮ್ಮ ಹೈಕೋರ್ಟ್ ಇದನ್ನು ಒಪ್ಪಿತು. ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟೂ ಅದಕ್ಕೆ ಕೈಹಾಕಲಿಲ್ಲ. ಕರ್ನಾಟಕದ ಬದಲಾವಣೆಯಿಂದ ನಿಟ್ಟುಸಿರು ಬಿಟ್ಟವರು ಯಾರು? ತಮ್ಮ ಮಗುವಿನ ಪಕ್ಕ ಕೂಲಿಯವರ ಮಗು ಕೂರುವುದನ್ನು ಒಪ್ಪದ ಶ್ರೀಮಂತರ ಶಾಲೆಗಳು. ಸಣ್ಣ ಶಾಲೆಗಳಿಗೆ ಸರ್ಕಾರದಿಂದ ತಡವಾಗಿಯಾದರೂ ಬರುತ್ತಿದ್ದ ಹಣ ನಿಂತಿತು. ಹೊಣೆಯಿಂದ ಬಿಡುಗಡೆಯಾಗುವುದೂ ಸ್ವಾಯತ್ತತೆಯೇ ಎಂದರೆ, ಅದರ ಖರ್ಚನ್ನು ಬೇರೆಯವರು ಭರಿಸಿದರು.

ಹಳೆಯ ಅನುದಾನಿತ ಶಾಲೆಗಳ ಪಾಡು ಈ ಚರ್ಚೆಯಲ್ಲಿ ಬರುವುದೇ ಇಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದಾಗ, ಅದಕ್ಕೂ ಎಷ್ಟೋ ಮೊದಲು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶಾಲೆ ತೆರೆದಾಗ ಖಾಸಗಿ ಎಂಬ ಪದಕ್ಕೆ ಇಂದಿನ ಅರ್ಥವಿರಲಿಲ್ಲ. ಊರಿನವರ ದೇಣಿಗೆ, ಸರ್ಕಾರದ ಅನುದಾನ ಕೂಡಿ ಶಾಲೆ ನಡೆಯುತ್ತಿತ್ತು. ಆ ಪರಂಪರೆಯ ಕನ್ನಡ ಶಾಲೆಗಳಲ್ಲಿ ಇಂದು ಶಿಕ್ಷಕರೊಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಅನುಮತಿಗಾಗಿ ವರ್ಷಗಟ್ಟಲೆ ಕಾಯಬೇಕು. ಶುಲ್ಕ ಏರಿಸುವಂತಿಲ್ಲ, ನೇಮಕ ಮಾಡುವಂತಿಲ್ಲ. ಗೌರವಧನದ ಮೇಲೆ ಯಾರನ್ನಾದರೂ ತಂದು ತರಗತಿ ನಡೆಸಬೇಕು. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳದು ಅನುದಾನವೇ ಇಲ್ಲದ ಗೋಳು. ಮಂಜೂರಾದ ಹುದ್ದೆಗೆ ಅರ್ಹ ಶಿಕ್ಷಕನನ್ನು ಆರು ತಿಂಗಳೊಳಗೆ ತಾವೇ ಆರಿಸಿಕೊಳ್ಳುವ ಅಧಿಕಾರ ಇವುಗಳಿಗೆ ಸಿಕ್ಕರೆ ಸಾವಿರಾರು ಮಕ್ಕಳಿಗೆ ವಿಜ್ಞಾನದ ಮೇಷ್ಟ್ರು ಸಿಗುತ್ತಾರೆ. ಇದನ್ನು ಕೇಳಲು ಬಲವಾದ ಒಕ್ಕೂಟವಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ.

ಶಾಲೆಗೆ ಸ್ವಾಯತ್ತತೆ ಎಂದು ನಾವು ಹೇಳುತ್ತಿದ್ದೇವೆ. ಶಾಲೆ ಎಂದರೆ ಯಾರು? ಕಾನೂನಿನ ಕಣ್ಣಿಗೆ ಅದು ಟ್ರಸ್ಟು ಅಥವಾ ಸೊಸೈಟಿ, ಅಂದರೆ ಆಡಳಿತ ಮಂಡಳಿ. ತರಗತಿಯಲ್ಲಿ ನಿಂತಿರುವವರಿಗೆ ಆ ಸ್ವಾತಂತ್ರ್ಯದ ಒಂದು ತುಣುಕೂ ಇಳಿದು ಬರುವುದಿಲ್ಲ. ಸರಣಿ ಶಾಲೆಗಳಲ್ಲಿ ಯಾವ ದಿನ ಯಾವ ಪಾಠ, ಯಾವ ಪುಟ ಎಂಬುದು ಕೇಂದ್ರ ಕಚೇರಿಯಿಂದ ಟ್ಯಾಬ್‌ಗೆ ಬರುತ್ತದೆ. ಮುಖ್ಯೋಪಾಧ್ಯಾಯಿನಿಯ ಕೆಲಸ ಅದನ್ನು ಗುರುತು ಹಾಕುವುದು. ಇಲಾಖೆಯ ಸುತ್ತೋಲೆಯನ್ನು ಬೈಯುವ ಮಂಡಳಿಗಳೇ ಒಳಗೆ ಇನ್ನೂ ಬಿಗಿಯಾದ ಸುತ್ತೋಲೆ ನಡೆಸುತ್ತವೆ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟುಕೊಳ್ಳುವುದು, ಸಂಬಳವನ್ನು ಬ್ಯಾಂಕಿಗೆ ಹಾಕಿ ಒಂದು ಭಾಗವನ್ನು ನಗದಾಗಿ ಹಿಂದಕ್ಕೆ ಪಡೆಯುವುದು, ಇಂಥ ದೂರುಗಳು ಹೊಸವಲ್ಲ. ವಜಾಗೊಂಡ ಶಿಕ್ಷಕ ಜಿಲ್ಲಾ ನ್ಯಾಯಾಧೀಶರ ಮುಂದಿನ ಶೈಕ್ಷಣಿಕ ನ್ಯಾಯಮಂಡಳಿಗೆ ಹೋಗಬಹುದು, ನಿಜ. ಆದರೆ ಸಣ್ಣ ಊರಿನಲ್ಲಿ ಹಾಗೆ ಹೋದವನಿಗೆ ಪಕ್ಕದ ಶಾಲೆಯವರೂ ಕೆಲಸ ಕೊಡುವುದಿಲ್ಲ. ಗ್ರಾಚ್ಯುಯಿಟಿಯ ಕಥೆ ನೋಡಿ. ಶಿಕ್ಷಕರನ್ನೂ ಅದರ ವ್ಯಾಪ್ತಿಗೆ ತರಲು ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಬೇಕಾಯಿತು. ಖಾಸಗಿ ಶಾಲೆಗಳು ಅದನ್ನೂ ಸುಪ್ರೀಂ ಕೋರ್ಟಿಗೆ ಒಯ್ದು, 2022ರಲ್ಲಿ ಸೋತ ಮೇಲಷ್ಟೇ ಸುಮ್ಮನಾದವು. ನಿವೃತ್ತ ಟೀಚರ್ ಒಬ್ಬರಿಗೆ ಸಲ್ಲಬೇಕಾದ ಹಣವನ್ನು ತಡೆಯಲು ಹದಿಮೂರು ವರ್ಷ ವಕೀಲರಿಗೆ ಹಣ ಕೊಡುವ ಸ್ವಾತಂತ್ರ್ಯಕ್ಕೆ ಯಾವ ಹೆಸರಿಡೋಣ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಯಾರು ಹೇಗೆ ಬೇಕಾದರೂ ಟೀಕಿಸಲಿ, ಅದರಲ್ಲಿ ಒಂದು ಮಾತು ತೂಕದ್ದು. ಶಾಲೆಗಳನ್ನು ನಡೆಸುವುದು, ನಿಯಂತ್ರಿಸುವುದು, ನೀತಿ ರೂಪಿಸುವುದು ಈ ಮೂರನ್ನೂ ಒಂದೇ ಇಲಾಖೆ ಮಾಡುತ್ತಿರುವುದು ಸರಿಯಲ್ಲ, ನಿಯಂತ್ರಣಕ್ಕೆ ರಾಜ್ಯದಲ್ಲಿ ಪ್ರತ್ಯೇಕ ಸ್ವತಂತ್ರ ಪ್ರಾಧಿಕಾರ ಬೇಕು, ಸರ್ಕಾರಿ ಮತ್ತು ಖಾಸಗಿ ಎರಡಕ್ಕೂ ಒಂದೇ ಅಳತೆಗೋಲು ಇರಬೇಕು ಎಂದು ಅದು ಹೇಳುತ್ತದೆ. ಶೌಚಾಲಯದ ಬಾಗಿಲು ಮುರಿದ ಸರ್ಕಾರಿ ಶಾಲೆಯನ್ನು ನಡೆಸುವ ಇಲಾಖೆಯೇ ಖಾಸಗಿ ಶಾಲೆಯ ಶೌಚಾಲಯ ಅಳೆಯಲು ಬಂದರೆ ಆ ಟೇಪಿಗೆ ಎಲ್ಲಿಯ ಮರ್ಯಾದೆ? ನೀತಿಯಲ್ಲಿರುವ ಇನ್ನೊಂದು ಸಲಹೆ, ಶಾಲೆಯ ಮೂಲ ಮಾಹಿತಿಯೆಲ್ಲ ಸಾರ್ವಜನಿಕವಾಗಿರಬೇಕು ಎಂಬುದು. ಖಾಸಗಿ ಶಾಲೆಗಳ ಒಕ್ಕೂಟಗಳು ನೀತಿಯ ಮೊದಲ ಸಲಹೆಗೆ ಚಪ್ಪಾಳೆ ತಟ್ಟುತ್ತವೆ.

ನನ್ನ ಪಟ್ಟು ಈ ಎರಡನೆಯದರ ಮೇಲೆ. ಶಾಲೆ ನಡೆಸುವುದು ಕಾನೂನಿನ ಪ್ರಕಾರ ಲಾಭಕ್ಕಲ್ಲ, ಆದ್ದರಿಂದಲೇ ಟ್ರಸ್ಟುಗಳಿಗೆ ಆದಾಯ ತೆರಿಗೆಯ ವಿನಾಯಿತಿ. ಲಾಭ ಹೊರಹೋಗುವ ಕಿಂಡಿಗಳು ಎಲ್ಲರಿಗೂ ಗೊತ್ತಿವೆ: ಟ್ರಸ್ಟಿಯ ಹೆಂಡತಿಯ ಹೆಸರಿನಲ್ಲಿರುವ ಕಟ್ಟಡಕ್ಕೆ ಕೊಡುವ ಬಾಡಿಗೆ, ಭಾವಮೈದುನನ ಬಸ್ಸಿನ ಗುತ್ತಿಗೆ, ಒಂದೇ ಅಂಗಡಿಯಲ್ಲಿ ಸಿಗುವ ಸಮವಸ್ತ್ರ. ಸರ್ಕಾರ ಶುಲ್ಕಕ್ಕೆ ಮಿತಿ ಹಾಕಿದರೆ ಹಣ ಈ ಕಿಂಡಿಗಳಿಗೆ ಸರಿಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಶುಲ್ಕ ಎಷ್ಟಾದರೂ ಇಡಿ. ಆದರೆ ಲೆಕ್ಕಪರಿಶೋಧನೆಯಾದ ಆಯವ್ಯಯ, ಟ್ರಸ್ಟಿಗಳ ಸಂಬಂಧಿಕರ ಜೊತೆಗಿನ ವ್ಯವಹಾರ, ಶಿಕ್ಷಕರ ಸಂಬಳಕ್ಕೆ ಹೋದ ಪಾಲು, ಇವನ್ನು ಪ್ರವೇಶ ಶುರುವಾಗುವ ಮುನ್ನ ಪ್ರಕಟಿಸಿ. ಹೀಗೆ ಪ್ರಕಟಿಸಿದ ಶಾಲೆಗೆ ಸುರಕ್ಷತೆಯ ಸ್ಥಳ ಪರಿಶೀಲನೆಯೊಂದನ್ನು ಬಿಟ್ಟು ಬೇರೆ ನವೀಕರಣದ ರಗಳೆ ಬೇಡ. ಇನ್ನೂರು ಮಕ್ಕಳ ಶಾಲೆಯವರಿಗೆ ಇದು ಎರಡು ಪುಟದ ಲೆಕ್ಕ, ಒಂದು ಸಂಜೆಯ ಕೆಲಸ. ಕೌಂಟರಿನ ಹುಡುಗಿ ನಗುವ ಶಾಲೆಯಲ್ಲಿ ಮಾತ್ರ ‘ಇತರೆ’ ಎಂಬ ಒಂದು ಸಾಲನ್ನು ಬಿಡಿಸಿ ಬರೆಯಲು ಲೆಕ್ಕಿಗರು ಸ್ವಲ್ಪ ಹೆಚ್ಚು ಹೊತ್ತು ಕೂರಬೇಕಾದೀತು.